ನಾಲ್ಕು ಚುಕ್ಕೆ

ಶಾರ್ಜಾ, ಸನಾಯಾ, ಹತ್ತನೇ ನಂಬರು.
ಟೈರಿನಂಗಡಿಗೂ ಮಂದಿ ಹೋಟೆಲಿಗೂ ನಡುವೆ
ನಮ್ಮ ಬೋರ್ಡಿನಂಗಡಿ.
ಮಿಷನ್ನು ಗೀರಿ ಕೊಟ್ಟ ಹಾಳೆಯಿಂದ
ಬೇಡದ್ದನ್ನು ಚಿಮುಟದಲ್ಲಿ ಕಿತ್ತು
ಬೇಕಾದ್ದನ್ನು ಉಳಿಸುವುದು, ಇಷ್ಟೇ ಕಸುಬು.
ಲಾಂಡ್ರಿ, ಗ್ಯಾರೇಜು, ಹಲ್ಲಿನ ಡಾಕ್ಟರು;
ಈ ವಾರ ಮ್ಯೂಸಿಯಮ್ಮು.
ಮರಳುಗಾಡಿನ ಹನ್ನೊಂದು ಪ್ರಾಣಿ, ಹನ್ನೊಂದು ಹೆಸರು.
ಕೆಲವಕ್ಕೆ ಹೆಸರಿನ ಕೆಳಗೆ, ಸಣ್ಣಗೆ,
ಕೆಂಪಿನಲ್ಲಿ ಒಂದೇ ಪದ:
ಮುನ್ಕರಿದ್.

ಪ್ರೂಫು ನೋಡುವ ಸುಡಾನಿನ ಉಸ್ತಾದ್ ತಿಜಾನಿ
ಕನ್ನಡಕ ಹಣೆಗೇರಿಸಿದ.
"ಕಡಿದುಹೋದದ್ದು ಅಂತ.
ಕತ್ತರಿಗೂ ಇದೇ ಬೇರು,
ಇಲಿ ಕಡಿಯುವುದಕ್ಕೂ ಇದೇ,
ಸಾಲಕ್ಕೂ ಇದೇ."
ಕತ್ತರಿ ನನ್ನ ಕೈಯಲ್ಲೇ ಇತ್ತು.
ಇನ್ನೊಂದರ ಸುದ್ದಿ ಎತ್ತಲಿಲ್ಲ.

ನಿಮ್ಮಲ್ಲಿ ಏನನ್ನುತ್ತೀರಿ, ಕೇಳಿದ.
ಅಳಿದದ್ದು, ಅಂದೆ.
ಒಂದು 'ಇಸು' ಸೇರಿಸಿದರೆ ಅಳಿಸಿದ್ದು.
ಸ್ಲೇಟು, ಎಂಜಲು, ಹೆಬ್ಬೆರಳು,
ಅಷ್ಟರಲ್ಲಿ ಯಾರೋ ಮಾಡಿದ್ದು ಅಂತಾಗಿಬಿಡುತ್ತದೆ.
ಅದಕ್ಕೇ ಇರಬೇಕು
ಪಠ್ಯಪುಸ್ತಕದಲ್ಲಿ ಆ 'ಇಸು' ಬಂದದ್ದೇ ಇಲ್ಲ.
ನಿರ್ನಾಮ ಅಂತಲೂ ಉಂಟು ಉಸ್ತಾದ್, ಹೆಸರಿಲ್ಲದ್ದು.
ಆದರೆ ನೋಡು, ಇಲ್ಲಿ ಉಳಿದದ್ದು ಹೆಸರೊಂದೇ.
ಅವನು ನಕ್ಕ. ನಾನು ಚಿಮುಟ ಹಿಡಿದೆ.

ಏಳನೇ ಬೋರ್ಡು ಉಷ್ಟ್ರಪಕ್ಷಿಯದು.
ಈ ಹಕ್ಕಿಯನ್ನು ನಮ್ಮ ಕಡೆ ಯಾರೂ ಕಂಡವರಲ್ಲ.
ಕಾಣದ್ದಕ್ಕೆ ಹೆಸರು ಕಟ್ಟುವಾಗ
ಒಂಟೆಯ ಅರ್ಧ, ಹಕ್ಕಿಯ ಅರ್ಧ ತಂದು
ಸಂಸ್ಕೃತದ ಗೋಂದು ಹಚ್ಚಿ ಅಂಟಿಸಿದ್ದಾರೆ.
ತಿಜಾನಿಯ ಭಾಷೆಯಲ್ಲಿ ಹಾಗಲ್ಲ.
ಗಂಡಿಗೊಂದು ಹೆಸರು, ಮರಿಗೊಂದು,
ಮರಳು ಕೆದಕಿ ಮೊಟ್ಟೆಯಿಡುವ ಗುಂಡಿಗೂ ಒಂದು.
ಗಂಡು ಕೂಗಿದರೆ ಇರಾರ್.
ಹೆಣ್ಣು ಕೂಗಿದರೆ ಜಿಮಾರ್.
ಕೂಗಿ ತೋರಿಸು ಅಂದೆ.
ಬಾಯಿ ತೆರೆದ, ಸ್ವಲ್ಪ ಹೊತ್ತು ಹಾಗೇ ಇದ್ದು, ಮುಚ್ಚಿದ.
"ಪದ ಗೊತ್ತು," ಅಂದ.

ತ್ರಾಸಿಯಲ್ಲಿ ನಮ್ಮಮ್ಮ
ಬಳೆ ಒಡೆಯಿತು ಅಂದವಳಲ್ಲ, ಬಳೆ ಹೆಚ್ಚಿತು.
ದೀಪ ಆರಿಸಬಾರದು, ದೊಡ್ಡದು ಮಾಡಬೇಕು.
ಡಬ್ಬಿಯ ತಳ ಕಂಡ ದಿನ
ನನ್ನ ಕೈಗೆ ಚೀಲ ಕೊಟ್ಟು
"ಅಕ್ಕಿ ಹೆಚ್ಚಿದೆ, ಓಡು" ಅನ್ನುತ್ತಿದ್ದಳು.
ಇಲ್ಲ ಎಂಬುದನ್ನು ಇಲ್ಲ ಅನ್ನದೆ
ಒಂದು ಮನೆ ನಡೆಸಬಹುದೆಂದು
ನಾನು ಕಲಿತದ್ದು ಹಾಗೆ.
ಅವಳ ಕೈಗೆ ಈ ಬೋರ್ಡು ಕೊಟ್ಟಿದ್ದರೆ,
ಕೆಂಪಿನಲ್ಲಿ, ಹೆಸರಿನ ಕೆಳಗೆ:
ಈ ಹಕ್ಕಿ ಹೆಚ್ಚಿದೆ.
ಓದಿದ ಮಕ್ಕಳು
ಎಲ್ಲಿ, ಎಲ್ಲಿ ಎಂದು ಕಿಟಕಿಗೆ ಓಡುತ್ತಿದ್ದರೇನೋ.

ಗುರುವಾರ ಹೋಗಿ ಅಂಟಿಸಿ ಬಂದೆವು.
ಗಾಜಿನ ಹಿಂದೆ ಹಕ್ಕಿ ಇರಲಿಲ್ಲ.
ಮೊಟ್ಟೆಯ ಎರಡು ಚಿಪ್ಪಿತ್ತು, ಮುರಿದ ಹಂಚಿನಂತೆ,
ಮತ್ತು ಲೈಟಿತ್ತು.

ರಾತ್ರಿ ಕ್ಯಾಂಪಿನ ಬಚ್ಚಲಲ್ಲಿ ಸೋಪು ಹಚ್ಚುವಾಗ
ಮೊಣಕೈಗೆ ಏನೋ ತಾಗಿತು.
ಕೆಂಪಗೆ, ಎಳ್ಳಿನಷ್ಟು.
ಆ ಪದಕ್ಕೆ ನಾಲ್ಕು ಚುಕ್ಕೆ. ನನ್ನ ಲೆಕ್ಕಕ್ಕೆ ಬಾಯಿಪಾಠ:
ಮೊದಲು ಒಂದು, ನಡುವೆ ಎರಡು, ಕೊನೆಗೆ ಒಂದು.
ಕೊನೆಯದು ನನ್ನ ಮೈಮೇಲೆ.
ಏಳನೇ ಬೋರ್ಡಿನದು, ಅನುಮಾನವಿಲ್ಲ,
ಅದನ್ನು ಒತ್ತುವಾಗಲೇ ಕೈ ನಡುಗಿದ್ದು.

ಒದ್ದೆ ಕೈಯಲ್ಲೇ ತಿಜಾನಿಗೆ ಫೋನು ಹಚ್ಚಿದೆ.
ನಿದ್ದೆಗಣ್ಣಿನಲ್ಲಿ ಮನಸಿನೊಳಗೆ ಬರೆದು ನೋಡಿರಬೇಕು, ತಡವಾಯಿತು.
"ಚುಕ್ಕೆ ಬಿದ್ದರೆ ಅದು ಬೇರೆ ಅಕ್ಷರ.
ಕಡಿದುಹೋದದ್ದು ಆಗುವುದಿಲ್ಲ.
ಚಿವುಟಿಸಿಕೊಂಡದ್ದು, ಹಾಗೇನೋ ಆಗುತ್ತದೆ.
ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತಾರೆ,
ಅಷ್ಟರಲ್ಲಿ ಅಂಟಿಸಿ ಬಾ."

ಚುಕ್ಕೆಯನ್ನು ಕನ್ನಡಿಯ ಮೂಲೆಗೆ ಒತ್ತಿಟ್ಟೆ.
ಗಂಟೆ ಹನ್ನೊಂದೂವರೆ. ಒಂಬತ್ತಕ್ಕೆ ಇನ್ನೂ ಬಹಳ ಇತ್ತು.
ಅಲ್ಲಿ, ಬೀಗ ಹಾಕಿದ ಕೋಣೆಯಲ್ಲಿ, ಹಕ್ಕಿಯನ್ನು ಯಾರೋ ಚಿವುಟಿದ್ದರು.
ಚಿವುಟಿದರೆ ಕೂಗಬೇಕಲ್ಲ.
ಮೇಲಿನ ಮಂಚ ಹತ್ತಿ ಮಲಗಿದವನು
ಏಸಿ ಸದ್ದು ಹೆಚ್ಚಾಯಿತೆಂದು
ಎದ್ದು ಆರಿಸಿ ಬಂದೆ.